ಹಂಚು

ಮೊದಲು ಎರಡ ಹಂಚಿದ್ದವು. ಒಂದು ನಂದು, ಒಂದು ದುಂಡವ್ವಂದು.
ಬಾಗಲಕೋಟಿ ನವನಗರದಾಗ, ಕಾರು ನಿಲ್ಲಸಾಕಂತ
ಯಾರೋ ಹಾಕಿಸಿದ್ದ ತಗಡಿನ ಶೆಡ್ಡು.
ಅವರಿಗೆ ಕಾರು ಬರಲಿಲ್ಲ, ನಮಗ ಬಾಡಿಗಿಗೆ ಸಿಕ್ತು.
ಆಗ ಲೆಕ್ಕ ಸಸಾರ:
ಬಡಿದಷ್ಟು ಮಾರಿದ್ವಿ,
ಮಾರಿದ್ದರಾಗ ಅರ್ಧ ಜೋಳಕ್ಕ, ಉಳಿದದ್ದು ಇಬ್ಬರಿಗೆ.
ಸೆರಗಿನ ಗಂಟಿನಾಗ ಹಿಡೀತಿತ್ತು ಇಡೀ ಕಂಪನಿ.

ಈಗ ಹದಿನಾಲ್ಕು.
ನಸಿಕಿನ್ಯಾಗ ಗ್ಯಾಸು ಹಚ್ಚಿದ್ರ ತಗಡು ಕಾದು
ಮಧ್ಯಾಹ್ನಕ್ಕ ಮಾತೂ ಸುಡತೈತಿ.
ಯಮನವ್ವಗ ಫ್ಯಾನ್ ಬೇಕು,
ಫ್ಯಾನ್ ಹಚ್ಚಿದ್ರ ಮಾಬೂಬಿ ಉರಿ ಹಾರತೈತಿ.
ರೇಣವ್ವಗ ಮುಂಗಡ ಐದು ಸಾವಿರ, ಮಗಳ ಫೀಜು.
ಕಲ್ಲವ್ವ ಅಮಾಸಿಗೆ ಬರೂದಿಲ್ಲ,
ಆಕಿ ಬರದಿದ್ರ ಆಕಿ ತಂಗೀನೂ ಬರೂದಿಲ್ಲ.
ಹಿಟ್ಟು ನಾದೂದು ಕಲಿತಾಗ ನನಗ ಏಳು ವರ್ಷ.
ಮಂದಿ ನಾದೂದು, ನಲವತ್ತಾರಾತು, ಇನ್ನೂ
ಎಸರು ಎಷ್ಟು ಹಾಕಬೇಕು ತಿಳಿಯವಲ್ದು.
ಕಡಿಮಿ ಆದ್ರ ಬಿರೀತಾರ,
ಹೆಚ್ಚಾದ್ರ ಕೈಗೆ ಮೆತ್ತತಾರ.

ಹುಬ್ಬಳ್ಳಿ ಹಾಸ್ಟೆಲ್ ಮೆಸ್ಸಿನವ ಫೋನ್ ಮಾಡಿದ:
"ಅಕ್ಕಾರ, ದಿನಾ ಎರಡು ಸಾವಿರ ಕಳಸ್ರಿ. ಆದ್ರ ಒಂದ ಸೈಜು.
ಒಬ್ಬನ ತಾಟಿನ್ಯಾಗ ದೊಡ್ಡದು ಬಿದ್ರ
ಬಾಜೂಕಿನವ ಜಗಳ ತಗೀತಾನ."
ವೆಲ್ಡಿಂಗ್ ಅಂಗಡ್ಯಾಗ ಉಕ್ಕಿನ ಬಳಿ ಮಾಡಿಸಿದೆ, ಒಂಬತ್ತು ಇಂಚು.
ಬಡಿದ ರೊಟ್ಟಿ ಮ್ಯಾಲ ಒತ್ತೂದು,
ಹೊರಗ ಉಳಿದದ್ದು ತಗಿಯೂದು.

ಅಲ್ಲೀತನಕ ಕತ್ತಲದಾಗೂ ಹೇಳತಿದ್ದೆ ಯಾವ ರೊಟ್ಟಿ ಯಾರದು,
ಅಂಚಿಗೆ ಬೆರಳು ತಾಗಿದ್ರ ಸಾಕು.
ಮಾಬೂಬಿದು ಬ್ಲೇಡಿನಂಗ ತೆಳು.
ಕಲ್ಲವ್ವಂದು ಒಂದು ಮಗ್ಗಲಿಗೆ ದಪ್ಪ, ಗಂಡನ ಮ್ಯಾಲಿನ ಸಿಟ್ಟು.
ದುಂಡವ್ವ ಹೆಸರಿಗಷ್ಟ ದುಂಡವ್ವ,
ಎಡಗೈ ಹೆಬ್ಬಟ್ಟು ಆನಿಸಿದಲ್ಲಿ ಒಂದು ಸಣ್ಣ ತಗ್ಗು,
ಶೇಂಗಾ ಹಿಂಡಿ ನಿಲ್ಲಾಕ ಮಾಡಿದಂಗ.
ಬಳಿ ಬಂದ ದಿನ ಸಂಜಿಗೆ ಬುಟ್ಟಿ ತುಂಬ ಅಂಚು.
ದುಂಡವ್ವ ಅವನ್ನ ಮತ್ತ ನಾದಿದ್ಲು. ಏನೂ ಅನಲಿಲ್ಲ.

ದೀಪಾವಳಿ ಬೋನಸ್ ಕೊಡೂ ದಿನ
ಒಳಗ ಬಂದು ಬಾಗಲಾ ಮುಂದ ಮಾಡಿದ್ಲು.
"ನನಗೂ ಹಂಚು" ಅಂದ್ಲು.
"ಹೊಸಾದ ಕೊಡಸ್ತೀನಿ, ಬೀಡಿನದು, ದಪ್ಪಂದು" ಅಂದೆ.
ನಕ್ಕಳು. ಆ ನಗಿ ನಾ ಅದುವರಿಗೆ ನೋಡಿರಲಿಲ್ಲ.
"ಆ ಹಂಚಲ್ಲ, ಅಕ್ಕಾ.
ರೂಪಾಯದಾಗ ನಾಕಾಣೆ."

ಲೋನು ನನ್ನ ಹೆಸರಿನ್ಯಾಗ, ಕರಾರಿಗೆ ಸಹಿ ನಂದು,
ರಾತ್ರಿ ನಿದ್ದಿ ಕೆಡೂದು ನಂದು. ಇಷ್ಟು ಹೇಳಿದೆ.
ಸುಳ್ಳೇನಿರಲಿಲ್ಲ.
ಸೂಪರ್‌ವೈಜರ್ ಮಾಡತೀನಿ, ತಿಂಗಳಾ ಹದಿನಾಲ್ಕು ಸಾವಿರ ಅಂದೆ.
ಅದೂ ಸುಳ್ಳಲ್ಲ.
ಎಲ್ಲಾ ಖರೇನ ಇತ್ತು, ಆಕಿ ಕೇಳಿದ್ದಕ್ಕ ಉತ್ತರ ಆಗಲಿಲ್ಲ ಅಷ್ಟ.

ಸಂಕ್ರಾಂತಿ ಮುಗಿದ ಮ್ಯಾಲ ಆಕಿ ಬರಲಿಲ್ಲ.
ರೇಣವ್ವನೂ ಬರಲಿಲ್ಲ.
ಮುಂಗಡ ಮಾತ್ರ ಎಣಿಸಿ, ಮಗಳ ಕೈಯಾಗ ಕಳಿಸಿದ್ಲು.
ಇಟಗೊಂಡು ಹೋಗಿದ್ರ ಬೈಯಾಕರ ಬರತಿತ್ತು.

ಹಿಂದಿನ ಸೆಕ್ಟರಿನ್ಯಾಗ ಹಂಚು ಇಟ್ಟಾರಂತ, ಬೋರ್ಡ್ ಇಲ್ಲಂತ.
ಉಂಡ ಮನಿಗೆ ಎರಡು ಬಗೆದ್ಲು ಅಂದ್ರು ಮಂದಿ.
ನಾನೂ ಹೂಂ ಅಂದೆ, ಎರಡು ದಿನ.
ಮೂರನೇ ದಿನ ಮೆಸ್ಸಿನ ಲೋಡು ಕಟ್ಟುವಾಗ ನೆನಪಾತು,
ಹಳೇ ಊರು ಹಿನ್ನೀರಿಗೆ ಹೋದ ವರ್ಷ
ನಾನೂ ಒಬ್ಬಾಕಿ ಒಲಿ ಮುಂದಿಂದ ಹಿಂಗ ಎದ್ದು ಬಂದಾಕಿ.
ಆ ಹೆಣಮಗಳ ಹೆಸರು
ಎಷ್ಟು ತಿಣಕಿದ್ರೂ ಬಾಯಿಗೆ ಬರಲಿಲ್ಲ.

ನಿನ್ನೆ ಬಸ್‌ಸ್ಟ್ಯಾಂಡ್ ಹತ್ರದ ಕಿರಾಣಿ ಅಂಗಡ್ಯಾಗ
ಹತ್ತರ ಪ್ಯಾಕು ಒಂದು ತಗೊಂಡೆ, ಲೇಬಲ್ ಇಲ್ಲದ್ದು.
ಅಂಗಡಿಯವ ನನ್ನ ಮಾರಿ ನೋಡಿದ, ಚಿಲ್ಲರಿ ಕೊಟ್ಟ.
ಮನಿಗೆ ಬಂದು, ಲೈಟ್ ಹಾಕದ, ಒಂದೊಂದಾಗಿ ಅಂಚು ಸವರಿದೆ.
ಎಂಟರಾಗ ಆ ತಗ್ಗು.
ಎರಡು ಬ್ಯಾರೆ ಕೈ, ಇನ್ನೂ ಅಳುಕುವ ಕೈ,
ಒಂದು ಕಡೆ ಬಿರಿದಿದ್ದವು.
ಆಗಲೇ ಯಾರನ್ನೋ ಇಟಗೊಂಡಾಳ.

ಮೊದಲು ಆ ಎರಡನ್ನ ತಿಂದೆ.